ನೆತ್ತಿಯ ಮೇಲೊಂದು ನೆಲುವು

ಡಿಕ್ಕಿ ತುಂಬಿತು, ಸೀಟು ತುಂಬಿತು, ಕಾಲಬುಡವೂ ತುಂಬಿತು. ಉಳಿದದ್ದು ಚಾವಣಿಯೊಂದೇ. ಬೇಸಿಗೆ ರಜೆಗೆ ಪುಟ್ಟ ಎಸ್‌ಯುವಿಯ ನೆತ್ತಿಗೆ ಬಲೆ ಕಟ್ಟಲು ಹೊರಟವರಿಗೆ ಚಿನ್ನದ ಗಣಿಯ ಊರು ಕೇಳುವ ಪ್ರಶ್ನೆ ಒಂದೇ: ಬಟ್ಟೆಯ ಹಿಂದೆ ಏನಿದೆ?

ಬಂಗಾರಪೇಟೆಯ ಪಾನಿಪೂರಿಯ ನೀರಿಗೆ ಬಣ್ಣವಿಲ್ಲ. ನೋಡಿದರೆ ಕುಡಿಯುವ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಏಪ್ರಿಲ್‌ನ ಒಂದು ಮಧ್ಯಾಹ್ನ, ಮೂರು ಗಂಟೆಯ ಬಿಸಿಲಲ್ಲಿ ಗಾಡಿ ನಿಲ್ಲಿಸಿ ನಾವು ಎರಡನೇ ಪ್ಲೇಟಿಗೆ ಕೈಯೊಡ್ಡಿದ್ದೆವು.

ತಿಂದು ಬಂದು ಬಾಗಿಲು ತೆಗೆದರೆ ಕಾರಿನೊಳಗೆ ಚಪ್ಪರ ಕುಸಿದಂತಿತ್ತು. ಚಾವಣಿಯ ಬೂದು ಬಟ್ಟೆ ಎರಡು ಕಡೆ ಕಿತ್ತು ಜೋತುಬಿದ್ದಿದೆ. ಅದಕ್ಕೆ ನಾನೇ ಹಿಂದಿನ ರಾತ್ರಿ ಅಂಟಿಸಿದ್ದ ನಾಲ್ಕು ಪ್ಲಾಸ್ಟಿಕ್ ಕೊಕ್ಕೆಗಳ ಪೈಕಿ ಎರಡು ಬಲೆಯ ಜೊತೆಗೇ ಸೀಟಿನ ಮೇಲೆ. ಬಲೆಯಲ್ಲಿದ್ದ ಟವೆಲ್ಲು, ಕೊಡೆ, ಮಕ್ಕಳ ಟೋಪಿ ಚೆಲ್ಲಾಪಿಲ್ಲಿ. ನೀರು ತುಂಬಿದ ಸ್ಟೀಲ್ ಬಾಟಲಿ ಮಾತ್ರ ನೇರವಾಗಿ ಅಮ್ಮ ಕೂರುವ ಜಾಗದಲ್ಲಿ ಬಿದ್ದಿತ್ತು.

ಅಮ್ಮ ಅದನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದರು. “ಕಾಲು ನೋವು, ಒಳಗೇ ಕೂತಿರ್ತೀನಿ ಅಂದೆ. ನೀನೇ ಬಲವಂತ ಮಾಡಿ ಇಳಿಸ್ದೆ. ಪಾನಿಪೂರಿ ನನ್ನ ತಲೆ ಉಳಿಸ್ತು ನೋಡು.”

ಅಂಟಿನ ತಪ್ಪಲ್ಲ ಅದು. ಬಿಸಿಲಿಗೆ ನಿಂತ ಗಾಡಿಯ ತಗಡು ಕಾದು, ಒಳಬಟ್ಟೆಯೂ ಕಾದು, ಅಂಟು ಮೆತ್ತಗಾಗುವುದು ಸಹಜ. ಮೆತ್ತಗಾಗದೆ ಗಟ್ಟಿಯಾಗಿ ಹಿಡಿದಿದ್ದ ಕಡೆ ಬಟ್ಟೆಯೇ ಕಿತ್ತು ಬಂದಿತ್ತು. ಕೊಕ್ಕೆ ಹಿಡಿದದ್ದು ಬಟ್ಟೆಯನ್ನು. ಬಟ್ಟೆ ಹಿಡಿದದ್ದು ಏನನ್ನು ಎಂದು ನಾನು ಕೇಳಿಕೊಂಡೇ ಇರಲಿಲ್ಲ.

ನಾಲ್ಕು ಮೀಟರಿನ ಲೆಕ್ಕ

ಇಷ್ಟಕ್ಕೂ ಚಾವಣಿಗೆ ಕೈ ಹಾಕುವ ಪರಿಸ್ಥಿತಿ ಯಾಕೆ ಬಂತು? 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರ್ ಉದ್ದದೊಳಗಿನ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಅಂದಿನಿಂದ ನಮ್ಮ ಕಾರು ಕಂಪನಿಗಳು ಅಳತೆಪಟ್ಟಿ ಹಿಡಿದೇ ಗಾಡಿ ಕತ್ತರಿಸುತ್ತಿವೆ. ಬ್ರೆಝಾ, ನೆಕ್ಸಾನ್, ವೆನ್ಯೂ, ಪಂಚ್, ಎಲ್ಲವೂ ಆ ಗೆರೆಯ ಈಚೆಗೆ ನಿಂತವು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗಲೂ ಶೇ 18ರ ರಿಯಾಯಿತಿ ದರ ಸಿಕ್ಕಿದ್ದು ಈ ನಾಲ್ಕು ಮೀಟರಿನ ಕುಟುಂಬದ ಸಣ್ಣ ಎಂಜಿನ್ನಿನವಕ್ಕೇ.

ಮೂತಿ ಗತ್ತಿನದು, ನಿಲುವು ಎತ್ತರದ್ದು, ಬಾಲ ಮಾತ್ರ ಮೊಟಕು. ಬ್ರೆಝಾದ ಡಿಕ್ಕಿ 328 ಲೀಟರ್. ಐದು ಬಾಗಿಲಿನ ಜಿಮ್ನಿಯಲ್ಲಿ ಹಿಂದಿನ ಸೀಟು ನೆಟ್ಟಗಿದ್ದರೆ ಸಿಗುವುದು 208. ಐದು ಜನ, ನಾಲ್ಕು ದಿನ, ಒಂದು ಕುಕ್ಕರ್ ಎಂದು ಹೊರಟರೆ ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ದಾಟುವ ಮೊದಲೇ ಯಾರದೋ ತೊಡೆಯ ಮೇಲೆ ಬ್ಯಾಗು ಬಂದು ಕೂತಿರುತ್ತದೆ. ಆದರೆ ತಲೆಗೂ ಚಾವಣಿಗೂ ನಡುವೆ ಒಂದು ಗೇಣು ಖಾಲಿ. ಎತ್ತರದ ಗಾಡಿ ಕೊಂಡವರು ದುಡ್ಡು ಕೊಟ್ಟಿರುವುದು ಆ ಗೇಣಿಗೂ ಸೇರಿಸಿಯೇ.

ಕೆಜಿಎಫ್‌ನವರಿಗೆ ನೆತ್ತಿಯ ಮೇಲೆ ಸಾಮಾನು ಇಡುವುದು ಹೊಸ ವಿದ್ಯೆಯಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು ರೈಲುಮಾರ್ಗ ಬಂದದ್ದು 1894ರಲ್ಲಿ, ಗಣಿಗಾಗಿ. ಗಣಿ ಮುಚ್ಚಿತು, ರೈಲು ನಿಲ್ಲಲಿಲ್ಲ. ಬೆಳಕು ಹರಿಯುವ ಮುನ್ನ ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರ ಊಟದ ಚೀಲಗಳು ತಲೆಯ ಮೇಲೆಯೇ ಪ್ರಯಾಣ ಮಾಡುತ್ತವೆ. ರ‍್ಯಾಕಿನಲ್ಲಿ ಜಾಗವಿಲ್ಲದವರು ಸಿಕ್ಕ ಕಂಬಿಗೆ ಚೀಲದ ಕಿವಿ ಸಿಕ್ಕಿಸುತ್ತಾರೆ. ರೈಲು ಓಲಾಡಿದಾಗ ಇಡೀ ಬೋಗಿಯ ತಿಂಡಿಡಬ್ಬಿಗಳು ಒಂದೇ ತಾಳಕ್ಕೆ ತಲೆದೂಗುತ್ತವೆ. ಅವು ಬೀಳುವುದಿಲ್ಲ, ಏಕೆಂದರೆ ಅವು ನೇತಾಡುವುದು ಕಬ್ಬಿಣಕ್ಕೆ.

ಉಟ್ಟಿ, ಉರಿ, ನೆಲುವು

ಅದಕ್ಕೂ ಹಿಂದಿನದು ಅಜ್ಜಿಯ ಅಡುಗೆಮನೆ. ತೊಲೆಯಿಂದ ಇಳಿಬಿಟ್ಟ ಹಗ್ಗದ ಹೆಣಿಗೆ, ಅದರೊಳಗೆ ಮೊಸರಿನ ಗಡಿಗೆ. ಬೆಕ್ಕಿಗೂ ಇರುವೆಗೂ ಮಕ್ಕಳಿಗೂ ಎಟುಕದ ಎತ್ತರ. ಕನ್ನಡದಲ್ಲಿ ಅದು ನೆಲುವು. ಕೋಲಾರ ಸೀಮೆಯ ತೆಲುಗು ಮನೆಗಳಲ್ಲಿ ಉಟ್ಟಿ. ಗಣಿ ಸಾಲುಮನೆಗಳ ತಮಿಳಿನಲ್ಲಿ ಉರಿ. ಮೂರು ಭಾಷೆಯ ಊರಲ್ಲಿ ಒಂದು ಹಗ್ಗಕ್ಕೆ ಮೂರು ಹೆಸರು. ಕೃಷ್ಣ ಮಾತ್ರ ಮೂರರಿಂದಲೂ ಬೆಣ್ಣೆ ಕದ್ದ.

ನೆಲುವಿನಲ್ಲಿ ಒಂದು ಜಾಣತನವಿದೆ. ಅದು ನೇರ ಕೆಳಕ್ಕೆ ತೂಗುತ್ತದೆ. ನಾಲ್ಕು ಕೆ.ಜಿ. ಗಡಿಗೆ ಇಟ್ಟರೆ ತೊಲೆಗೆ ಬೀಳುವುದು ನಾಲ್ಕೇ ಕೆ.ಜಿ.

ಕಾರಿನ ಬಲೆ ಹಾಗಲ್ಲ. ಅದು ಬಟ್ಟೆ ಒಣಗಿಸುವ ತಂತಿಯ ಜಾತಿ. ಜೋಲು ಬೀಳಬಾರದೆಂದು ಬಿಗಿದಷ್ಟೂ ಎರಡು ತುದಿಯ ಮೊಳೆಗಳು ಒಳಕ್ಕೆ ಎಳೆಯಲ್ಪಡುತ್ತವೆ. ಚಾವಣಿಗೆ ಅಡ್ಡಡ್ಡ ಕಟ್ಟಿದ ಪಟ್ಟಿಯ ನಡುವೆ ನಾಲ್ಕು ಕೆ.ಜಿ. ಇಟ್ಟು, ಪಟ್ಟಿ ಮಟ್ಟಕ್ಕಿಂತ ಹತ್ತು ಡಿಗ್ರಿಯಷ್ಟೇ ಬಾಗುವಂತೆ ಬಿಗಿದರೆ ಒಂದೊಂದು ತುದಿಯ ಮೇಲೂ ಹನ್ನೊಂದೂವರೆ ಕೆ.ಜಿ. ಎಳೆತ. ಅದೇ ಪಟ್ಟಿಯನ್ನು ಮೂವತ್ತು ಡಿಗ್ರಿ ಜೋಲು ಬಿಟ್ಟರೆ ಎಳೆತ ನಾಲ್ಕಕ್ಕೆ ಇಳಿಯುತ್ತದೆ. ವೀಣೆಯ ತಂತಿಯಂತೆ ಬಿಗಿದ ಬಲೆ ನೋಡಲು ಚೆಂದ. ಕೊಂಡಿಯನ್ನು ಕೇಳಿದರೆ ಬೇರೆ ಮಾತು ಹೇಳೀತು.

*

ಟೋಪಿ ಇಡುವ ಹಲಗೆ
*ವಿಮಾನದಲ್ಲಿ ನಾವು ಬ್ಯಾಗು ತುರುಕುವ ಮುಚ್ಚಳದ ಪೆಟ್ಟಿಗೆಗೆ ಮೊದಲು ಮುಚ್ಚಳವಿರಲಿಲ್ಲ. ಅದು ಟೋಪಿ, ಕೋಟು ಇಡುವ ತೆರೆದ ಹಲಗೆ. ಗಟ್ಟಿ ಸಾಮಾನು ಇಟ್ಟರೆ ವಿಮಾನ ಕುಲುಕಿದಾಗ ತಲೆಗೇ ಅಪಾಯ. 1970ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 747 ಮುಚ್ಚಳವಿರುವ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿತು. ಕಾರುಗಳಲ್ಲಿ ಸಿಟ್ರೊಯೆನ್ ಬೆರ್ಲಿಂಗೊ, ರೆನೋ ಕಾಂಗೂ ಇಂಥ ಚಾವಣಿ ಖಾನೆಗಳನ್ನು ಕಾರ್ಖಾನೆಯಲ್ಲೇ ಕೊಟ್ಟವು. ನಮ್ಮ ನಾಲ್ಕು ಮೀಟರಿನವರಿಗೆ ಕನ್ನಡಕ ಇಡುವ ಡಬ್ಬಿ ಸಿಕ್ಕರೆ ಪುಣ್ಯ.*

*

ಬೆರಳ ಗೆಣ್ಣಿನ ಪರೀಕ್ಷೆ

ಕಿತ್ತ ಬಟ್ಟೆಯ ಗಾಡಿಯನ್ನು ರಾಬರ್ಟ್‌ಸನ್‌ಪೇಟೆಯ ಒಂದು ಟಿಂಕರಿಂಗ್ ಶಾಪಿಗೆ ಒಯ್ದೆ. ಅರವತ್ತು ದಾಟಿದ ಅಣ್ಣ. ಅಪ್ಪ ಗಣಿಯಲ್ಲಿದ್ದರಂತೆ. ನನ್ನ ಬಲೆ, ಕೊಕ್ಕೆ, ಇಂಟರ್‌ನೆಟ್ಟಿನಲ್ಲಿ ನೋಡಿಟ್ಟುಕೊಂಡ ಚಿತ್ರಗಳನ್ನೆಲ್ಲ ತೋರಿಸಿ, “ಅಣ್ಣಾ, ನಾಲ್ಕು ತೂತು ಹೊಡೆದು ಸ್ಕ್ರೂ ಹಾಕಿಬಿಡಿ, ಸಾಕು” ಅಂದೆ.

ಅವರು ಡ್ರಿಲ್ಲು ಎತ್ತಿಕೊಳ್ಳಲಿಲ್ಲ. ಒಳಗೆ ಕೂತು ಬೆರಳ ಗೆಣ್ಣಿನಿಂದ ಚಾವಣಿಯನ್ನು ಕುಟ್ಟುತ್ತ ಹೋದರು. ನಡುವೆ ಡಬ್ ಡಬ್. ಅಂಚಿಗೆ ಬಂದಾಗ ಸದ್ದು ಗಟ್ಟಿಯಾಯಿತು.

“ಸಾರ್, ಇದು ಗೋಡೆ ಅಲ್ಲ, ರಟ್ಟು. ರಟ್ಟಿಗೆ ಸ್ಕ್ರೂ ಹಾಕಿದ್ರೆ ನಿಲ್ಲಲ್ಲ. ರಟ್ಟು ದಾಟಿ ತಗಡಿಗೆ ಹಾಕಿದ್ರೆ ಮಳೆ ಬಂದಾಗ ನೀವೇ ಮತ್ತೆ ಬರ್ತೀರ.”

ನಿಜ. ಚಾವಣಿಯ ಒಳಬಟ್ಟೆ ಅಚ್ಚೊತ್ತಿದ ತೆಳು ಹಾಳೆ; ತನ್ನ ಭಾರ ತಾನು ಹೊತ್ತರೆ ಹೆಚ್ಚು. ಅದರ ಮೇಲೊಂದಿಷ್ಟು ಖಾಲಿ ಜಾಗ, ಆಮೇಲೆ ಒಂದು ಮಿಲಿಮೀಟರೂ ದಪ್ಪವಿಲ್ಲದ ಹೊರತಗಡು. ಅಲ್ಲಿ ಹೊಡೆದ ಸ್ಕ್ರೂವಿನ ಮೊನೆ ಆಕಾಶ ನೋಡುತ್ತದೆ. ನಡುವೆ ಒಂದೆರಡು ಅಡ್ಡಪಟ್ಟಿಗಳಿವೆ, ಆದರೆ ಅವು ತಗಡು ನಡುಗದಂತೆ ಹಿಡಿಯಲು ಇರುವಂಥವು. ನಿಜವಾದ ತೊಲೆ ಇರುವುದು ಎರಡು ಪಕ್ಕದಲ್ಲಿ, ಬಾಗಿಲುಗಳ ಮೇಲೆ ಮುಂದಿನಿಂದ ಹಿಂದಕ್ಕೆ ಓಡುವ ಇಮ್ಮಡಿ ಉಕ್ಕಿನ ಕೊಳವೆಯಂಥ ಅಂಚು. ಗಾಡಿ ಪಲ್ಟಿ ಹೊಡೆದಾಗ ಚಾವಣಿ ಚಪ್ಪಟೆಯಾಗದಂತೆ ತಡೆಯುವುದರಲ್ಲಿ ಅದರದು ದೊಡ್ಡ ಪಾಲು.

ಹಾಗಾದರೆ ಅಲ್ಲಿಗೇ ಹೊಡೆಯೋಣ ಎಂದರೆ ಅದೇ ಅಂಚಿನುದ್ದಕ್ಕೂ ಮಡಚಿ ಮಲಗಿರುತ್ತದೆ ಕರ್ಟನ್ ಏರ್‌ಬ್ಯಾಗ್. ಪಕ್ಕದಿಂದ ಗುದ್ದಿದರೆ ಸುಮಾರು 30 ಮಿಲಿಸೆಕೆಂಡಿನೊಳಗೆ ಅದು ಬಟ್ಟೆಯ ಅಂಚನ್ನು ಸೀಳಿಕೊಂಡು ಕೆಳಕ್ಕೆ ಬಿಚ್ಚಿಕೊಳ್ಳಬೇಕು. ಅದರ ಹಾದಿಗೆ ಅಡ್ಡವಾಗಿ ಒಂದು ಕಬ್ಬಿಣದ ಕೊಂಡಿ ಇದ್ದರೆ ಚೀಲ ಹರಿಯಬಹುದು, ಅಥವಾ ಕೊಂಡಿಯೇ ಕಿತ್ತು ಒಳಗಿರುವವರತ್ತ ಹಾರಬಹುದು. ಹಳೆಯ ಗಾಡಿಗಳಲ್ಲಿ ಈ ಭಯವಿರಲಿಲ್ಲ. ಈಗ ಆರು ಏರ್‌ಬ್ಯಾಗು ಸಣ್ಣ ಗಾಡಿಗಳಿಗೂ ಬಂದಿವೆ. ಕಂಬದ ಪ್ಲಾಸ್ಟಿಕ್ಕಿನ ಮೇಲೆ ‘ಎಸ್‌ಆರ್‌ಎಸ್’ ಎಂಬ ಮೂರು ಅಕ್ಷರ ಉಬ್ಬಿದ್ದರೆ ಅದರ ಆಸುಪಾಸಿಗೆ ಡ್ರಿಲ್ಲು ತರುವವರ ಧೈರ್ಯ ಮೆಚ್ಚಬೇಕು, ಬುದ್ಧಿಯನ್ನಲ್ಲ. ದೀಪದ ವೈರು, ಸನ್‌ರೂಫ್ ಇದ್ದರೆ ಅದರ ನೀರು ಇಳಿಯುವ ಸಪೂರ ಪೈಪು, ಇವೂ ಅಲ್ಲೇ ಹರಿದಾಡುತ್ತವೆ.

ಕುಟ್ಟಿ ನೋಡುವ ಊರು

ಚಾವಣಿ ಕುಟ್ಟಿ ಸದ್ದು ಕೇಳುವ ಆ ಕೈ ನನಗೆ ಬೇರೇನನ್ನೋ ನೆನಪಿಸಿತು. ಭೂಮಿಯೊಳಗೆ ಕೆಲಸ ಮಾಡುವವರು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಬಾರಿನಿಂದ ಕುಟ್ಟಿ ನೋಡುವುದು ಲೋಕದ ಹಲವು ಗಣಿಗಳ ಪದ್ಧತಿ. ಟಣ್ ಅಂದರೆ ಬಂಡೆ ಒಂದೇ ಮೈ. ಟೊಳ್ಳು ಸದ್ದು ಬಂದರೆ ಒಳಗೆ ಬಿರುಕು, ಹಿಂದಕ್ಕೆ ಸರಿ.

ಇಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದದ್ದು. ಅಷ್ಟು ಆಳದಲ್ಲಿ ಬಂಡೆ ಸುಮ್ಮನಿರುವುದಿಲ್ಲ. ಮೇಲಿನ ಭಾರಕ್ಕೆ ಒತ್ತಡ ತುಂಬಿಕೊಂಡು ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಊರಿನವರ ಬಾಯಲ್ಲಿ ಅದು ರಾಕ್‌ಬರ್ಸ್ಟ್. ಮನೆಯ ಪಾತ್ರೆ ಅಲುಗಿದರೆ ಕೆಳಗೆ ಯಾರ ಪಾಳಿ ಎಂದು ಕೇಳುತ್ತಿದ್ದ ಕಾಲ. ಅಗೆದು ಖಾಲಿಯಾದ ಜಾಗಕ್ಕೆ ಮೊದಲು ಮರದ ದಿಮ್ಮಿ ಕೊಟ್ಟರು. ಆಮೇಲೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿದರು, ಮುಂದೆ ಕಾಂಕ್ರೀಟು ತುಂಬಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈ ಹಾಕಿದಲ್ಲಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ಈ ಊರಿನ ಅರ್ಧ ಚಿಂತೆ ಚಿನ್ನದ್ದಾದರೆ ಇನ್ನರ್ಧ ಚಾವಣಿಯದು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಇಲ್ಲೇ, ಕೆಜಿಎಫ್‌ನಲ್ಲಿ.

ಗಣಿ, ಸುರಂಗಗಳ ಚಾವಣಿ ಹಿಡಿಯುವ ಒಂದು ಉಪಾಯ ರಾಕ್‌ಬೋಲ್ಟ್. ಬಂಡೆಗೆ ಉದ್ದನೆಯ ತೂತು ಕೊರೆದು ಸರಳು ತೂರಿಸುತ್ತಾರೆ. ಅದರಲ್ಲಿ ಒಂದು ಬಗೆಯದನ್ನು ತಿರುಗಿಸಿ ಬಿಗಿದಂತೆ ಒಳತುದಿ ಹಿಗ್ಗಿ ಬಂಡೆಯನ್ನು ಕಚ್ಚಿಕೊಳ್ಳುತ್ತದೆ. ಹೋದ ದಾರಿಯಲ್ಲಿ ವಾಪಸು ಬರಲಾರದು.

ಟಿಂಕರಿಂಗ್ ಅಣ್ಣ ಡಬ್ಬಿಯಿಂದ ತೆಗೆದ ರಿವ್‌ನಟ್ಟಿನ ಸಂಗತಿಯೂ ಇಷ್ಟೇ. ಬೆರಳ ತುದಿಯಷ್ಟು ಉದ್ದದ, ಒಳಗೆ ತಿರುಪಿನ ಎಳೆ ಇರುವ ಸಣ್ಣ ಕೊಳವೆ. ತಗಡಿನ ತೂತಿಗೆ ಸಿಕ್ಕಿಸಿ ಇಕ್ಕಳದಂಥ ಸಾಧನದಿಂದ ಎಳೆದರೆ ಅದರ ಹೊಟ್ಟೆ ತಗಡಿನ ಆಚೆ ಉಬ್ಬುತ್ತದೆ. ಈಗ ತೆಳು ತಗಡಿಗೂ ಬೋಲ್ಟು ಬಿಗಿಯಬಹುದು, ಹಿಂದೆ ಕೈ ಹಾಕಿ ನಟ್ಟು ಹಿಡಿಯಬೇಕಿಲ್ಲ. 1930ರ ದಶಕದಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ, ವಿಮಾನದ ರೆಕ್ಕೆಯಂಚಿಗೆ ಕಟ್ಟುವ ಮಂಜುಗಡ್ಡೆಯನ್ನು ಒಡೆಯಲು ಹಾಕುವ ರಬ್ಬರ್ ಕವಚವನ್ನು ಹಿಡಿಸಲು ಕಂಡುಕೊಂಡ ದಾರಿ ಇದು. ರೆಕ್ಕೆಯ ರಬ್ಬರಿನಿಂದ ರಾಬರ್ಟ್‌ಸನ್‌ಪೇಟೆಯ ಡಬ್ಬಿಗೆ ಬಂದು ಕೂತಿದೆ.

ಇದ್ದ ತೂತೇ ಸಾಕು

ಅಣ್ಣನ ನಿಯಮ ಒಂದೇ: ಕಂಪನಿ ಮಾಡಿಟ್ಟ ತೂತು ಇರುವಾಗ ಹೊಸದು ಹೊಡೆಯಬಾರದು.

ಬಾಗಿಲ ಮೇಲೆ ನಾವು ಹಿಡಿದುಕೊಳ್ಳುವ ಹ್ಯಾಂಡಲ್ ಇದೆಯಲ್ಲ, ಅದು ಉಕ್ಕಿನಂಚಿಗೇ ಸೇರಿದ್ದು. ದೊಡ್ಡವರೊಬ್ಬರು ಜೋತುಬಿದ್ದು ಹತ್ತುವುದನ್ನು ತಾಳುವಂತೆ ಕೂರಿಸಿದ್ದು. ಸಣ್ಣ ಮುಚ್ಚಳ ಎಬ್ಬಿಸಿದರೆ ಎರಡು ಬೋಲ್ಟು. ಹಿಂದಿನ ಬಾಗಿಲುಗಳ ಎರಡೂ ಹ್ಯಾಂಡಲಿನ ಒಂದೊಂದು ಬೋಲ್ಟನ್ನು ಬಿಚ್ಚಿ, ತಲೆಯ ಕೆಳಗೆ ಚಪ್ಪಟೆ ಉಕ್ಕಿನ ಸಣ್ಣ ಕಿವಿಯೊಂದನ್ನು ಸೇರಿಸಿ ಮತ್ತೆ ಬಿಗಿದರು. ಕಿವಿಯ ದಪ್ಪ ಎರಡು ಮಿಲಿಮೀಟರ್; ಹೊಸ ಬೋಲ್ಟಿನ ಉದ್ದವೂ ಅಷ್ಟೇ ಹೆಚ್ಚು. ಅದಕ್ಕಿಂತ ಉದ್ದದ್ದು ಹಾಕಿದರೆ ಮೊನೆ ಒಳಗೆ ಏನನ್ನು ಚುಚ್ಚುತ್ತದೋ ಹೇಳಲಾಗದು. ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ತೆಗೆದಿಟ್ಟು ಒಂದು ಟೀ ಕುಡಿದು ಬಂದೆವು. ಏರ್‌ಬ್ಯಾಗಿನ ಪೆಟ್ಟಿಗೆಯಲ್ಲಿ ಉಳಿದ ಚಾರ್ಜು ಇಳಿಯಲು ಬೇಕಾದ ಹೊತ್ತು ಅದು. ಕೆಲವು ಗಾಡಿಗಳ ಹ್ಯಾಂಡಲು ಬೋಲ್ಟಿಲ್ಲದೆ ಸ್ಪ್ರಿಂಗ್ ಕ್ಲಿಪ್ಪಿನಲ್ಲಿ ಕೂತಿರುತ್ತದೆ. ಅಂಥದ್ದಕ್ಕೂ, ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವಂಥದ್ದಕ್ಕೂ ಈ ಉಪಾಯ ನಡೆಯದು.

ಡಿಕ್ಕಿಯ ಕಡೆ ಕೆಲಸ ಹಿಡಿಯಿತು. ಎಡಗಡೆಯ ಪ್ಲಾಸ್ಟಿಕ್ ತೆಗೆದರೆ ತಿರುಪಿನ ಎಳೆ ಇರುವ ಖಾಲಿ ತೂತೊಂದು ನಮಗೇ ಕಾದಿತ್ತು. ಬಲಗಡೆ ಬರೀ ಕ್ಲಿಪ್ಪಿನ ತೂತು. ಮೊಬೈಲಿನ ಟಾರ್ಚು ಬಿಟ್ಟು ಹಿಂದೆ ವೈರಿಲ್ಲ, ಏರ್‌ಬ್ಯಾಗ್ ಇಲ್ಲ, ಅದು ಒಳತಗಡೇ ಹೊರತು ಹೊರಮೈಯಲ್ಲ ಎಂದು ಎರಡೆರಡು ಸಲ ನೋಡಿದ ಮೇಲೆ ಅಣ್ಣ ಅದನ್ನು ಒಂದು ಮಿಲಿಮೀಟರಿನಷ್ಟು ಅಗಲಿಸಿ ಒಂಬತ್ತಕ್ಕೆ ತಂದರು. ಎಂ6 ರಿವ್‌ನಟ್ಟಿಗೆ ಅಷ್ಟು ಬೇಕು. ಬೋಳಾದ ಅಂಚಿಗೆ ಕಡ್ಡಿಯ ತುದಿಯಿಂದ ರೆಡ್ ಆಕ್ಸೈಡ್ ಸವರಿದರು. ಉದುರಿದ ಲೋಹದ ಪುಡಿಯನ್ನು ಅಯಸ್ಕಾಂತದಿಂದ ಎತ್ತಿದರು. ಬಿಟ್ಟರೆ ಅದೇ ತುಕ್ಕಿಗೆ ಬೀಜ. ವಾರಂಟಿ ಉಳಿದಿರುವ ಗಾಡಿಯಾಗಿದ್ದರೆ ಆ ಒಂದು ಮಿಲಿಮೀಟರಿಗೂ ನಾನು ಒಪ್ಪುತ್ತಿರಲಿಲ್ಲ. ನಮ್ಮದು ಎಂಟು ವರ್ಷದ್ದು.

ಸೀಟ್‌ಬೆಲ್ಟಿನ ಮೇಲಿನ ಬೋಲ್ಟನ್ನು ತೋರಿಸಿ “ಇದು ಎಷ್ಟು ಗಟ್ಟಿಯಾಗಿದೆ, ಇದಕ್ಕೇ ಹಾಕಬಾರದಾ?” ಎಂದು ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. ನನ್ನನ್ನೇ ಒಂದು ಗಳಿಗೆ ನೋಡಿದರು.

*

ನಾಲ್ಕು ಕೆ.ಜಿ. ಎಂಬತ್ತಾಗುವ ಬಗೆ
*ಗಂಟೆಗೆ 50 ಕಿ.ಮೀ. ವೇಗದ ಗಾಡಿ ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ ಒಳಗಿನ ವಸ್ತುಗಳು ಸರಾಸರಿ ತಮ್ಮ ತೂಕದ ಇಪ್ಪತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತವೆ. ಬಲೆಯಲ್ಲಿ ನಾಲ್ಕು ಕೆ.ಜಿ. ಇದ್ದರೆ ಎಂಬತ್ತು ಕೆ.ಜಿ.ಯ ಎಳೆತ. ನಾಲ್ಕು ಕೊಂಡಿಗೆ ಹಂಚಿದರೆ ತಲಾ ಇಪ್ಪತ್ತು ಎಂದು ಸಮಾಧಾನ ಪಡುವಂತಿಲ್ಲ. ಮುಂದಕ್ಕೆ ನುಗ್ಗುವಾಗ ಹೊರೆ ಹೊರುವುದು ಹಿಂದಿನ ಎರಡೇ; ತಲಾ ನಲವತ್ತು. ನೀರು ತುಂಬಿದ ಲೀಟರ್ ಬಾಟಲಿ ಬಲೆಯಿಂದ ಜಾರಿದರೆ ಇಪ್ಪತ್ತು ಕೆ.ಜಿ.ಗೂ ಮಿಕ್ಕಿದ ಕಲ್ಲಿನ ಹೊಡೆತ.*

*

ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಇಟ್ಟಿತು. ಆದರೆ ಕಾಯ್ದೆ ‘ಮಾರ್ಪಾಡು’ ಎಂದು ಕರೆಯುವುದು ರಚನೆಯನ್ನು ಬದಲಿಸಿ ಮೂಲ ಲಕ್ಷಣವೇ ಬೇರೆಯಾಗುವಂತೆ ಮಾಡುವುದನ್ನು. ಹ್ಯಾಂಡಲಿನ ಬೋಲ್ಟಿಗೆ ಕಟ್ಟಿ ಬೇಕಾದಾಗ ಬಿಚ್ಚುವ ಬಲೆ ಅಲ್ಲಿಗೆ ಮುಟ್ಟುವುದಿಲ್ಲ. ಉಕ್ಕಿನಂಚು ಕೊರೆದು, ಚೌಕಟ್ಟು ವೆಲ್ಡ್ ಮಾಡಿಸಿ, ಒಳಗೊಂದು ಅಟ್ಟ ಕಟ್ಟಿಸಿದವರು ಮಾತ್ರ ವಿಮೆಯವರ ಮುಂದೆ ನಿಲ್ಲುವಾಗ ಮಾತು ಕೂಡಿಟ್ಟುಕೊಂಡಿರಬೇಕು.

ನನಗೆ ಆ ಚೌಕಟ್ಟುಗಳೇ ಇಷ್ಟವಾಗುವುದಿಲ್ಲ. ಜಾಕು, ಗುದ್ದಲಿ, ಬೆಂಕಿ ಆರಿಸುವ ಸಿಲಿಂಡರು ಎಲ್ಲವನ್ನೂ ತಲೆಯ ಮೇಲೆ ಸಾಲಾಗಿ ಜೋಡಿಸಿದ ಗಾಡಿಗಳ ಚಿತ್ರಗಳು ಈಗ ಎಲ್ಲೆಲ್ಲೂ ಕಾಣುತ್ತವೆ. ಮರುಭೂಮಿ ದಾಟುವ ಹುರುಪು, ಹೋಗುವುದು ಇಲ್ಲೇ ಪಕ್ಕದ ಕೋಟಿಲಿಂಗೇಶ್ವರ ದೇವಸ್ಥಾನಕ್ಕೆ. ಹದಿನೈದು ಕೆ.ಜಿ. ಕಬ್ಬಿಣದ ಕೆಳಗೆ ಕೂತು ಲಿಂಗ ಎಣಿಸುವ ಭಕ್ತಿ ನನ್ನದಲ್ಲ.

ಸಂತೆಯ ತಕ್ಕಡಿ

ಬಲೆ ಕಟ್ಟಿದ ಮೇಲೆ ಅಣ್ಣ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ತಂದರು, ಹಳೇ ಪೇಪರ್ ಅಂಗಡಿಯಲ್ಲಿ ತೂಗುತ್ತಾರಲ್ಲ, ಅಂಥದ್ದು. ಒಂದೊಂದು ಕಿವಿಗೂ ಸಿಕ್ಕಿಸಿ ಕೆಳಕ್ಕೆ, ಮುಂದಕ್ಕೆ, ಪಕ್ಕಕ್ಕೆ ಎಳೆದರು. ಮುಳ್ಳು ನಲವತ್ತಕ್ಕೆ ಬಂದಾಗ ಹಿಡಿದು ನಿಂತು, “ಕೇಳಿ” ಅಂದರು. ಸದ್ದಿಲ್ಲ. ಬಿಟ್ಟ ಮೇಲೆ ಬೋಲ್ಟಿನ ತಲೆಗೆ ಮೊದಲೇ ಎಳೆದಿದ್ದ ಬಿಳಿ ಗೆರೆ ಸರಿದಿದೆಯೇ ಎಂದು ನೋಡಿದರು. ಸರಿದಿರಲಿಲ್ಲ.

ಬಲೆ ಡಿಕ್ಕಿಯ ಮೇಲಿನಿಂದ ಹಿಂದಿನ ಸೀಟಿನ ಬೆನ್ನಿನವರೆಗೆ ಮಾತ್ರ. ಯಾರ ತಲೆಯ ಮೇಲೂ ಇಲ್ಲ. ನಡುವೆ ಜೋಲು ಬಿಟ್ಟಿದ್ದರೂ ಕನ್ನಡಿಯಲ್ಲಿ ಹಿಂದಿನ ಗಾಜು ಕಾಣುತ್ತದೆ. ಅದರೊಳಗೆ ಟವೆಲ್ಲು, ಸ್ವೆಟರು, ಮಕ್ಕಳ ಟೋಪಿ, ಗಾಳಿ ತೆಗೆದ ದಿಂಬು, ಎರಡು ಚಾಪೆ. ಎಲ್ಲ ಸೇರಿ ಮೂರು ಕೆ.ಜಿ. ಬಾಟಲಿಗಳು ಬಾಗಿಲ ಜೇಬಿಗೆ ಇಳಿದವು. ಕುಕ್ಕರು ಡಿಕ್ಕಿಯ ತಳಕ್ಕೆ, ಸೀಟಿನ ಬೆನ್ನಿಗೆ ಒತ್ತಿ. ಮೇಲಕ್ಕೆ ಹತ್ತಿದ್ದು ಮೂರೇ ಕೆ.ಜಿ. ಆದರೂ ಡಿಕ್ಕಿಯ ಅರ್ಧ ಜಾಗ ತಿನ್ನುತ್ತಿದ್ದದ್ದು ಈ ಹಗುರ, ಗಾತ್ರದ ಸಾಮಾನುಗಳೇ ಎಂಬುದು ಆಗ ತಿಳಿಯಿತು.

ಮುಂದಿನ ಭಾನುವಾರ ಮತ್ತೆ ಬಂಗಾರಪೇಟೆ. ಬೇಕೆಂದೇ ಹಳೇ ರಸ್ತೆ ಹಿಡಿದೆ, ಹಂಪು ಹೆಚ್ಚೆಂದು. ಹೊರಗೆ, ಚಿನ್ನ ತೆಗೆದುಳಿದ ಗಣಿಪುಡಿಯ ಸೈನೈಡ್ ಗುಡ್ಡದ ಬೂದಿ ಬಣ್ಣ ಹಿಂದಕ್ಕೆ ಸರಿಯುತ್ತಿತ್ತು. ಒಂದೊಂದು ಹಂಪಿಗೂ ನಾನು ಕನ್ನಡಿಯಲ್ಲಿ ಬಲೆಯನ್ನೇ ನೋಡುತ್ತಿದ್ದೆ. ಅದು ತೂಗಿತು, ನಿಂತಿತು.

ಪಾನಿಪೂರಿ ಅಂಗಡಿಯ ಮುಂದೆ ನೆರಳಿತ್ತು. ಆದರೂ ಬಿಸಿಲಿಗೇ ನಿಲ್ಲಿಸಿದೆ. ಅಮ್ಮನ ಕಡೆಯ ಬಾಗಿಲು ತೆಗೆದು, “ಕಾಲು ನೋವಿದ್ರೆ ಒಳಗೇ ಕೂತಿರಮ್ಮ, ಪ್ಲೇಟು ತಂದುಕೊಡ್ತೀನಿ” ಅಂದೆ.

ಅಮ್ಮ ತಿರುಗಿ ಬಲೆಯನ್ನೊಮ್ಮೆ ನೋಡಿದರು. ಕೈಚಾಚಿ ಒಂದು ಕಿವಿಯನ್ನು ಹಿಡಿದು ಜಗ್ಗಿದರು.

“ಉಟ್ಟಿ ಚೆನ್ನಾಗಿ ಕಟ್ಟಿದಾನೆ,” ಎಂದು ಇಳಿದೇ ಬಿಟ್ಟರು.